ಎಂ.ಸಿ. ಮೋದಿ ಮತ್ತು ಸಾಮೂಹಿಕ ನೇತ್ರ ಶಿಬಿರ

ಮುರುಗಪ್ಪ ಚನ್ನವೀರಪ್ಪ ಮೋದಿ (4 ಅಕ್ಟೋಬರ್ 1916 – 11 ನವೆಂಬರ್ 2005) ಊರೂರಿಗೆ ಹೋಗಿ ಶಿಬಿರ ಹೂಡಿ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಸಾಮೂಹಿಕ ಪ್ರಮಾಣದಲ್ಲಿ ನಡೆಸಿದ ಕನ್ನಡಿಗ ನೇತ್ರವೈದ್ಯ. ಹಳೆಯ ಬಿಜಾಪುರ ಜಿಲ್ಲೆಯ ಬೀಳಗಿ ಅವರ ಹುಟ್ಟೂರು. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆಯಿಂದ ಅವರ ಹೆಸರು ಗಿನ್ನೆಸ್ ಪುಸ್ತಕ ಸೇರಿತು. ಸಾಮಾನ್ಯವಾಗಿ ಕಣ್ಣಿನ ವೈದ್ಯರಿಗೆ ಹೆಸರು ಬರುವುದು ಅವರಲ್ಲಿಗೆ ಬರುವ ಗಣ್ಯರಿಂದ. ಮೋದಿಯವರ ಖ್ಯಾತಿ ಮಾತ್ರ ಹೆಸರೇ ದಾಖಲಾಗದ ರೈತರು, ಕೂಲಿಕಾರರು, ಮನೆಯ ಮೂಲೆ ಹಿಡಿದ ಮುದುಕ ಮುದುಕಿಯರ ಸಂಖ್ಯೆಯ ಮೇಲೆ ನಿಂತಿದೆ. ಆ ಸಂಖ್ಯೆಗಳನ್ನು ಕೈಚಳಕದ ಪುರಾವೆಯೆಂದು ಓದುವುದು ರೂಢಿ. ಬಿಡಿಸಿ ನೋಡಿದರೆ ಅವು ಹೇಳುವುದು ಬೇರೆ. ಮೋದಿಯವರ ಮುಖ್ಯ ಕೊಡುಗೆ ವೇಗದಲ್ಲಿಲ್ಲ, ಕೆಲಸದ ಏರ್ಪಾಟಿನಲ್ಲಿದೆ. ರೋಗಿ ಇದ್ದಲ್ಲಿಗೆ ತಪಾಸಣೆಯನ್ನು ಒಯ್ದದ್ದು, ಯಾರಿಗೆ ಚಿಕಿತ್ಸೆ ಬೇಕು, ಯಾರಿಗೆ ಬೇಡ ಎಂದು ಜನರನ್ನು ಅಲ್ಲೇ ವಿಂಗಡಿಸಿದ್ದು ಆ ಏರ್ಪಾಟಿನ ತಿರುಳು.

ಈ ಲೇಖನದಲ್ಲಿ ‘ಪೊರೆ’ ಎಂದರೆ ಕಣ್ಣೊಳಗಿನ ಸಹಜ ಮಸೂರ ಮಬ್ಬಾಗುವ ಸ್ಥಿತಿ. ವಿಜಯಪುರ (ಹಳೆಯ ಬಿಜಾಪುರ), ಬಾಗಲಕೋಟೆ ಸೀಮೆಯಲ್ಲಿ ಇದನ್ನು ಮೋತಿಬಿಂದು ಎಂದೂ ಕರೆಯುತ್ತಾರೆ. ‘ಕಣ್ಣಿನ ಹೂ’ ಇದಲ್ಲ. ಅದು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲದ ಮೇಲೆ ಉಳಿಯುವ ಬಿಳಿ ಕಲೆ, ಪೊರೆ ತೆಗೆಯುವ ಶಸ್ತ್ರಚಿಕಿತ್ಸೆಯಿಂದ ವಾಸಿಯಾಗದು.

ಪ್ರದೇಶ ಮತ್ತು ಹಿನ್ನೆಲೆ

ಬೀಳಗಿ ಕೃಷ್ಣೆಯ ದಕ್ಷಿಣಕ್ಕಿದೆ. ಈ ಲೇಖನದಲ್ಲಿ ಮುಂದೆ ಉದಾಹರಣೆಯಾಗಿ ಬರುವ ನಿಡಗುಂದಿ ಎಂಬ ಊರು ನದಿಯ ಉತ್ತರಕ್ಕಿದೆ. ಈಗ ಇವೆರಡರ ನಡುವೆ ಆಲಮಟ್ಟಿ ಜಲಾಶಯದ ಹಿನ್ನೀರು ಹರಡಿದೆ. ಮೋದಿಯವರು ಹುಟ್ಟಿದ ಕಾಲಕ್ಕೆ ಎರಡೂ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದಾಗ ಬೀಳಗಿ ಅತ್ತ ಹೋಯಿತು. ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದ ನಿಡಗುಂದಿ ವಿಜಯಪುರ ಜಿಲ್ಲೆಯಲ್ಲೇ ಉಳಿದು, ಮುಂದೆ ತಾನೇ ತಾಲ್ಲೂಕು ಕೇಂದ್ರವಾಯಿತು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಈ ಸೀಮೆಯವರಿಗೆ ಕಣ್ಣಿನ ದೊಡ್ಡ ಆಸ್ಪತ್ರೆ ಎಂಬುದು ದೂರದ ಮಾತಾಗಿತ್ತು. ಬೆಂಗಳೂರಿನಲ್ಲಿ 1896ರಲ್ಲಿ ಶುರುವಾಗಿ ಮುಂದೆ ಮಿಂಟೋ ಆಸ್ಪತ್ರೆಯೆಂದು ಹೆಸರಾದ ಸಂಸ್ಥೆ ಮೈಸೂರು ಸಂಸ್ಥಾನದ್ದು. ಬಿಜಾಪುರದವರ ಸರ್ಕಾರಿ ದಾರಿ ಮುಂಬಯಿಯತ್ತ ಹೋಗುತ್ತಿತ್ತು. ಅದಕ್ಕಿಂತ ಹತ್ತಿರದ್ದು ಮಿರಜಿನ ಮಿಷನ್ ದವಾಖಾನೆ. 1894ರಲ್ಲಿ ವಿಲಿಯಂ ವಾನ್ಲೆಸ್ ಕಟ್ಟಿದ ಆ ಆಸ್ಪತ್ರೆ ಶಸ್ತ್ರಚಿಕಿತ್ಸೆಗೆ, ಅದರಲ್ಲೂ ಕಣ್ಣಿನ ಶಸ್ತ್ರಚಿಕಿತ್ಸೆಗೆ, ಸುತ್ತಲಿನ ಮರಾಠಿ–ಕನ್ನಡ ಸೀಮೆಗಳಲ್ಲಿ ಹೆಸರು ಮಾಡಿತ್ತು. ಆದರೆ ಕುರುಡಾದ ಮನುಷ್ಯ ಒಬ್ಬನೇ ಮಿರಜಿಗೆ ಹೋಗಲಾರ. ಕೈ ಹಿಡಿದು ಕರೆದೊಯ್ಯಲು ಮನೆಯ ದುಡಿಯುವ ಆಳೊಂದು ಜೊತೆಗೆ ಹೊರಡಬೇಕು, ವಾರಗಟ್ಟಲೆ ಕೂಲಿ ಬಿಡಬೇಕು, ಪರ ಊರಿನಲ್ಲಿ ಉಳಿಯಲು ಜಾಗ ಹುಡುಕಬೇಕು, ಕಣ್ಣಿಗೆ ಚೂರಿ ಹಾಕಿಸಿಕೊಳ್ಳುವ ಭಯವನ್ನೂ ನುಂಗಬೇಕು. ಆಪರೇಷನ್ ಪುಕ್ಕಟೆಯಾದರೂ ಈ ಖರ್ಚುಗಳು ತಪ್ಪುವುದಿಲ್ಲ. ಪೊರೆಯಾದರೋ ಬಹುಪಾಲು ವಯಸ್ಸಾದವರ ಕಾಯಿಲೆ. ಮನೆಯವರ ಲೆಕ್ಕದಲ್ಲಿ ಮುದುಕಿಯ ಕಣ್ಣು ಬಿತ್ತನೆಗೂ ಮದುವೆಗೂ ಸಾಲ ತೀರಿಸುವುದಕ್ಕೂ ಹಿಂದೆ ಬೀಳುತ್ತಿತ್ತು. ಔಷಧಿಯಿಂದ ವಾಸಿಯಾಗದ, ಶಸ್ತ್ರಚಿಕಿತ್ಸೆಯಿಂದ ಮಾತ್ರ ನೀಗುವ ಕುರುಡು ಹಳ್ಳಿಯಲ್ಲಿ ವರ್ಷಾನುಗಟ್ಟಲೆ ಹಾಗೇ ಕೂರುತ್ತಿದ್ದುದಕ್ಕೆ ವೈದ್ಯರ ಕೊರತೆಯಷ್ಟೇ ಈ ದೂರವೂ ಕಾರಣ.

ವೃತ್ತಿಜೀವನ

ಮೋದಿಯವರ ಸಾಮೂಹಿಕ ನೇತ್ರ ಚಿಕಿತ್ಸೆಯ ಕೆಲಸ 1943ರಿಂದ ಲೆಕ್ಕಕ್ಕೆ ಸಿಗುತ್ತದೆ. ಅಲ್ಲಿಂದ ಮುಂದಿನ ಐದು ದಶಕ ಅವರು ಕರ್ನಾಟಕದಲ್ಲೂ ಹೊರಗೂ ಶಿಬಿರಗಳನ್ನು ನಡೆಸುತ್ತ ಸುತ್ತಿದರು. ಭಾರತ ಸರ್ಕಾರ 1956ರಲ್ಲಿ ಪದ್ಮಶ್ರೀಯನ್ನೂ 1968ರಲ್ಲಿ ಪದ್ಮಭೂಷಣವನ್ನೂ ನೀಡಿತು. ಬೆಂಗಳೂರಿನ ವೆಸ್ಟ್ ಆಫ್ ಕಾರ್ಡ್ ರಸ್ತೆಯ ಬಳಿ ಅವರ ಹೆಸರಿನ ಕಣ್ಣಾಸ್ಪತ್ರೆ ಇದೆ. ಆ ಭಾಗದವರ ಬಾಯಲ್ಲಿ ಮೋದಿ ಆಸ್ಪತ್ರೆ ರಸ್ತೆ ಎಂಬುದು ಇಂದಿಗೂ ವಿಳಾಸ. 2005ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡಾಗ 89 ವರ್ಷ.

ಸಾಮೂಹಿಕ ಪೊರೆ ಶಸ್ತ್ರಚಿಕಿತ್ಸೆಯನ್ನು ಭಾರತದಲ್ಲಿ ಮೊದಲು ಮಾಡಿದವರು ಮೋದಿಯವರೇ ಎನ್ನುವುದು ಸರಿಯಲ್ಲ. ಪಂಜಾಬಿನ ಮೋಗಾದಲ್ಲಿ ಡಾ. ಮಥುರಾದಾಸ್ ಪಾಹ್ವಾ ಮೋದಿಯವರಿಗಿಂತ ಹಿಂದಿನ ತಲೆಮಾರಿನಲ್ಲೇ ದೊಡ್ಡ ಸಂಖ್ಯೆಯ ಪೊರೆ ಶಸ್ತ್ರಚಿಕಿತ್ಸೆಗೆ ಹೆಸರಾಗಿದ್ದರು. ಅಲ್ಲಿ ಜನ ಮೋಗಾಕ್ಕೆ ಬರುತ್ತಿದ್ದರು. ಮೋದಿಯವರ ಪದ್ಧತಿಯಲ್ಲಿ ವೈದ್ಯರ ತಂಡವೇ ಜನರಿದ್ದಲ್ಲಿಗೆ ಹೋಗುತ್ತಿತ್ತು. ಸಂಚಾರಿ ಶಿಬಿರದ ವಿಷಯದಲ್ಲಿ ಅವರ ಹೆಸರು ಮುಂದೆ ನಿಲ್ಲುವುದು ಈ ಕಾರಣಕ್ಕೆ.

ಶಿಬಿರದ ರಚನೆ

ಆ ಕಾಲದ ನೇತ್ರ ಶಿಬಿರಕ್ಕೆ ಸ್ವಂತ ಕಟ್ಟಡವಿರುತ್ತಿರಲಿಲ್ಲ. ಶಾಲೆ, ಮಠ, ಧರ್ಮಶಾಲೆ, ಎಪಿಎಂಸಿಯ ಗೋದಾಮು, ಯಾವುದಾದರೂ ನಡೆಯುತ್ತಿತ್ತು. ಹವೆ ತಂಪಾಗಿದ್ದು ಹೊಲದ ಕೆಲಸ ಕಡಿಮೆಯಿರುವ ದಿನಗಳು ಇದಕ್ಕೆ ಅನುಕೂಲ. ವಿಜಯಪುರ ಸೀಮೆಯಲ್ಲಿ ಹಿಂಗಾರಿ ಬಿಳಿಜೋಳ ಬಿತ್ತಿ ಮುಗಿದು ಸುಗ್ಗಿ ಬರುವ ಮುನ್ನಿನ ಚಳಿಗಾಲ ಅಂಥದ್ದು. ವಾರಗಳ ಮುಂಚೆ ಸುತ್ತಲಿನ ಹಳ್ಳಿಗಳಲ್ಲಿ ಡಂಗುರ, ಸಂತೆಯಲ್ಲಿ ಕರಪತ್ರ. ಊಟ, ಹಾಸಿಗೆ, ನೀರಿನ ಹೊಣೆ ಊರಿನ ವರ್ತಕರದ್ದೋ ಮಠದ್ದೋ ಯುವಕ ಸಂಘದ್ದೋ ಆಗಿರುತ್ತಿತ್ತು. ವೈದ್ಯ ತನ್ನ ಜೊತೆ ತರುತ್ತಿದ್ದುದು ಉಪಕರಣ, ಔಷಧಿ ಮತ್ತು ಪಳಗಿದ ಸಹಾಯಕರನ್ನು. ಉಳಿದದ್ದನ್ನೆಲ್ಲ ಊರು ಹೊತ್ತಿದ್ದರಿಂದ ಶಿಬಿರದ ಖರ್ಚು ಹಂಚಿಹೋಗುತ್ತಿತ್ತು.

ತಪಾಸಣೆಯ ಸಾಲಿನಲ್ಲಿ ಪ್ರತಿಯೊಬ್ಬರ ಕಣ್ಣಿಗೂ ಟಾರ್ಚ್ ಬೆಳಕು ಬಿಟ್ಟು ನೋಡುವುದು ಮೊದಲ ಕೆಲಸ. ಪಾಪೆ ಬೆಳಕಿಗೆ ಕಿರಿದಾಗುತ್ತದೆಯೇ, ಬೆಳಕು ಯಾವ ದಿಕ್ಕಿನಿಂದ ಬರುತ್ತಿದೆಯೆಂದು ರೋಗಿ ಹೇಳಬಲ್ಲನೇ ಎಂಬ ಎರಡು ಪ್ರಶ್ನೆಗಳಲ್ಲೇ ಬಹಳಷ್ಟು ತೀರ್ಮಾನವಾಗುತ್ತಿತ್ತು. ಪೊರೆ ಎಷ್ಟೇ ದಟ್ಟವಾಗಿದ್ದರೂ ಅಕ್ಷಿಪಟಲ ಆರೋಗ್ಯವಾಗಿದ್ದರೆ ಬೆಳಕಿನ ದಿಕ್ಕು ತಿಳಿಯುತ್ತದೆ. ತಿಳಿಯದಿದ್ದರೆ ಪೊರೆ ತೆಗೆದು ಪ್ರಯೋಜನವಿಲ್ಲ. ಕಣ್ಣುಗುಡ್ಡೆ ಬೆರಳಿಗೆ ಗಟ್ಟಿಯಾಗಿ ಹತ್ತಿದರೆ, ಕಣ್ಣೊಳಗಿನ ಒತ್ತಡ ಏರುವ ಗ್ಲಾಕೋಮಾದ ಶಂಕೆ. ಕಣ್ಣಿನ ಒಳಮೂಲೆ ಒತ್ತಿದಾಗ ಕೀವು ಬಂದರೆ ಕಣ್ಣೀರಿನ ಚೀಲದಲ್ಲಿ ಸೋಂಕಿದೆ ಎಂದರ್ಥ, ಅಂಥ ಕಣ್ಣಿಗೆ ಆಗ ಚೂರಿ ಹಾಕುವಂತಿಲ್ಲ. ಮೂತ್ರದಲ್ಲಿ ಸಕ್ಕರೆ ಕಂಡವರನ್ನೂ ಬದಿಗಿಡುತ್ತಿದ್ದರು. ಪೊರೆ ಇನ್ನೂ ಬಲಿಯದವರಿಗೆ ಮುಂದಿನ ವರ್ಷದ ಶಿಬಿರಕ್ಕೆ ಬರುವಂತೆ ಹೇಳುತ್ತಿದ್ದರು. ಉಳಿದವರ ರೆಪ್ಪೆಗೂದಲು ಕತ್ತರಿಸಿ, ಕಣ್ಣು ತೊಳೆದು, ಕಣ್ಣಿನ ಹಿಂಭಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಮೇಜಿಗೆ ಸಾಲಾಗಿ ಒಯ್ಯುವುದು ಸಹಾಯಕರ ಕೆಲಸ. ಶಸ್ತ್ರವೈದ್ಯ ಒಂದು ಮೇಜಿನಿಂದ ಇನ್ನೊಂದಕ್ಕೆ ತಿರುಗುವಷ್ಟರಲ್ಲಿ ಮುಂದಿನ ಕಣ್ಣು ಸಿದ್ಧವಿರಬೇಕು. ಪಟ್ಟಿ ಕಟ್ಟುವವರು ಬೇರೆ, ಸ್ಟ್ರೆಚರ್ ಹೊರುವವರು ಬೇರೆ. ಆಮೇಲೆ ರೋಗಿ ಕೆಲವು ದಿನ ತಲೆ ಅಲುಗಿಸದೆ ಅಂಗಾತ ಮಲಗಿರಬೇಕಿತ್ತು. ಕೆಮ್ಮಿದರೂ ಗಾಯ ಬಿಚ್ಚುವ ಭಯವಿದ್ದುದರಿಂದ ಶಿಬಿರದ ಅತ್ಯಂತ ಕಷ್ಟದ ಭಾಗ ಈ ಶುಶ್ರೂಷೆಯೇ.

ಶಸ್ತ್ರಚಿಕಿತ್ಸೆಯ ಬಗೆಗಳು

ಸುಶ್ರುತ ಸಂಹಿತೆಯಲ್ಲಿ ಬರುವ ಪ್ರಾಚೀನ ವಿಧಾನದಲ್ಲಿ ಮಬ್ಬಾದ ಮಸೂರವನ್ನು ಸೂಜಿಯಿಂದ ಕಣ್ಣೊಳಗೇ ಪಕ್ಕಕ್ಕೆ ತಳ್ಳುತ್ತಿದ್ದರು. ಹಳ್ಳಿಗಳಲ್ಲಿ ತಿರುಗುವ ನಾಟಿ ವೈದ್ಯರು ಇಪ್ಪತ್ತನೆಯ ಶತಮಾನದಲ್ಲೂ ಇದನ್ನು ಮಾಡುತ್ತಿದ್ದರು. ಅದರಿಂದ ಕಣ್ಣು ಕಳೆದುಕೊಂಡವರು ಅನೇಕರು. ಮಸೂರವನ್ನು ಅದರ ಕೋಶದ ಸಮೇತ ಹೊರಗೆ ತೆಗೆಯುವುದು ಮೋದಿಯವರ ಶಿಬಿರಗಳ ಕಾಲದಲ್ಲಿ ಎಲ್ಲೆಡೆ ರೂಢಿಯಲ್ಲಿದ್ದ ವಿಧಾನ. ಇದಕ್ಕೆ ಸೂಕ್ಷ್ಮದರ್ಶಕ ಬೇಡ, ವಿದ್ಯುತ್ ಯಂತ್ರ ಬೇಡ. ಪಳಗಿದ ಕೈ, ಚಿಮಟ, ಚೂರಿ, ಒಳ್ಳೆಯ ಬೆಳಕು ಸಾಕು. ಶಾಲೆಯ ಕೊಠಡಿಯಲ್ಲಿ ಶಸ್ತ್ರಚಿಕಿತ್ಸೆ ಸಾಧ್ಯವಾದದ್ದೇ ವಿಧಾನದ ಈ ಸರಳತೆಯಿಂದ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಕಣ್ಣೊಳಗೆ ಕೃತಕ ಮಸೂರ ಇಟ್ಟಿದ್ದರೂ ಅದು ಭಾರತದ ಬಡ ರೋಗಿಯನ್ನು ಮುಟ್ಟಿದ್ದು 1990ರ ದಶಕದಲ್ಲಿ, ಮಧುರೆಯ ಅರೊಲ್ಯಾಬ್ ಸಂಸ್ಥೆ ಅಗ್ಗದ ಮಸೂರ ತಯಾರಿಸತೊಡಗಿದ ಮೇಲೆ. ಕೃತಕ ಮಸೂರ ಕೂರಿಸಲು ಹಳೆಯ ಮಸೂರದ ಹಿಂಬದಿಯ ಕೋಶ ಉಳಿಯಬೇಕು, ಸೂಕ್ಷ್ಮದರ್ಶಕ ಬೇಕು, ಧೂಳಿಲ್ಲದ ಕೊಠಡಿ ಬೇಕು. ಶಿಬಿರದ ಮೇಜಿಗೆ ಇವು ಒಗ್ಗುವಂಥವಲ್ಲ.

ಅಂಕಿಅಂಶಗಳು ಹೇಳುವುದು

ಗಿನ್ನೆಸ್ ದಾಖಲೆಯ ಪ್ರಕಾರ 1993ರ ಫೆಬ್ರವರಿವರೆಗೆ ಮೋದಿಯವರು 46,120 ಹಳ್ಳಿಗಳಿಗೆ ಹೋಗಿದ್ದರು, 1,21,18,630 ರೋಗಿಗಳನ್ನು ನೋಡಿದ್ದರು, 6,10,564 ಶಸ್ತ್ರಚಿಕಿತ್ಸೆ ಮಾಡಿದ್ದರು. ಮೂರನ್ನೂ ಒಟ್ಟಿಗಿಟ್ಟು ನೋಡಬೇಕು. ನೋಡಿದವರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರು ನೂರಕ್ಕೆ ಐದು ಮಂದಿ, ಅಂದರೆ ಸುಮಾರು ಇಪ್ಪತ್ತರಲ್ಲಿ ಒಬ್ಬರು. ಉಳಿದ ಹತ್ತೊಂಬತ್ತು ಜನ ಹನಿ ಔಷಧಿ, ಕನ್ನಡಕ, ಸಲಹೆ, ಇಲ್ಲವೆ ‘ಇದಕ್ಕೆ ಮದ್ದಿಲ್ಲ’ ಎಂಬ ಖಚಿತ ಉತ್ತರ ಪಡೆದು ಹೋದವರು. ಕೆಲಸದ ಪ್ರಮಾಣದಲ್ಲಿ ಹೇಳುವುದಾದರೆ ಶಿಬಿರ ಮೊದಲು ತಪಾಸಣೆಯ ಕೇಂದ್ರ, ಆಮೇಲೆ ಶಸ್ತ್ರಚಿಕಿತ್ಸೆಯ ಮನೆ. ಹಳ್ಳಿಗೆ ಸರಾಸರಿ 263 ರೋಗಿಗಳು, 13 ಶಸ್ತ್ರಚಿಕಿತ್ಸೆಗಳು ಬರುತ್ತವೆ. ಐವತ್ತು ವರ್ಷಗಳ ಲೆಕ್ಕದಲ್ಲಿ ವರ್ಷಕ್ಕೆ ಒಂಬೈನೂರಕ್ಕೂ ಮಿಕ್ಕ ಹಳ್ಳಿಗಳೆಂದರೆ ದಿನಕ್ಕೆ ಎರಡರ ಮೇಲಾಯಿತು. ರೋಗಿಯನ್ನು ದಿನಗಟ್ಟಲೆ ಮಲಗಿಸಬೇಕಾದ ಶಸ್ತ್ರಚಿಕಿತ್ಸೆ ಹೀಗೆ ಹಳ್ಳಿಹಳ್ಳಿಯಲ್ಲೂ ನಡೆದಿರಲಾರದು. ಹಲವು ಹಳ್ಳಿಗಳಲ್ಲಿ ತಪಾಸಣೆ, ಅವುಗಳ ನಡುವಿನ ಒಂದು ಊರಿನಲ್ಲಿ ಶಸ್ತ್ರಚಿಕಿತ್ಸೆ ಎಂಬ ಎರಡು ಹಂತದ ಏರ್ಪಾಟು ಈ ಅಂಕಿಗಳ ಹಿಂದಿದೆ ಎಂದೇ ಊಹಿಸಬೇಕಾಗುತ್ತದೆ.

ಐವತ್ತು ವರ್ಷಕ್ಕೆ ಹಂಚಿದರೆ ಶಸ್ತ್ರಚಿಕಿತ್ಸೆಗಳು ವರ್ಷಕ್ಕೆ ಸುಮಾರು 12,200, ದಿನಕ್ಕೆ 33. ಪ್ರಸಿದ್ಧವಾದ 833 ಈ ಸರಾಸರಿಯ ಇಪ್ಪತ್ತೈದು ಪಟ್ಟು. ಇಡೀ 24 ಗಂಟೆ ಕಣ್ಣು ಮುಚ್ಚದೆ ಕೆಲಸ ಮಾಡಿದರೂ ಒಂದು ಶಸ್ತ್ರಚಿಕಿತ್ಸೆಗೆ ಸಿಗುವ ಸಮಯ 104 ಸೆಕೆಂಡು ಮಾತ್ರ. ಚುಚ್ಚುಮದ್ದು, ಕಣ್ಣಿನ ಶುಚಿ, ಪಟ್ಟಿ, ರೋಗಿಯನ್ನು ಎತ್ತಿ ಇಳಿಸುವುದು ಇವೆಲ್ಲ ಶಸ್ತ್ರವೈದ್ಯನ ಪಾಲಿಗೇ ಬಂದಿದ್ದರೆ ಈ ಸಂಖ್ಯೆ ಅಸಾಧ್ಯ. ದಾಖಲೆ ಒಬ್ಬರ ಹೆಸರಿನಲ್ಲಿದ್ದರೂ ಅದು ಹಲವರ ಕೆಲಸದ ಮೊತ್ತ. ಶಸ್ತ್ರವೈದ್ಯನ ಕೈ ಅವನಿಂದ ಮಾತ್ರ ಆಗಬಹುದಾದ ಹಂತಕ್ಕಷ್ಟೇ ಬಳಕೆಯಾಯಿತೆಂಬುದು ಅದರ ನಿಜವಾದ ಅರ್ಥ. ದಾಖಲೆಯ ಪುಸ್ತಕಗಳಿಗೆ ಸಹಾಯಕರ ಹೆಸರು ಬರೆಯುವ ರೂಢಿಯಿಲ್ಲ.

ಕನ್ನಡಕ

ಮಸೂರ ತೆಗೆದ ಕಣ್ಣಿಗೆ ಹೊರಗಿನಿಂದ ಮಸೂರ ಕೊಡಲೇಬೇಕು. ಹೀಗೆ ಶಿಬಿರದ ಕೊನೆಯ ಹಂತ ಶಸ್ತ್ರವೈದ್ಯನದಲ್ಲ, ಕನ್ನಡಕದವನದು. ಇಂಥ ಕಣ್ಣಿಗೆ ಸಾಮಾನ್ಯವಾಗಿ ಸುಮಾರು +10 ಡಯಾಪ್ಟರ್ ಶಕ್ತಿಯ ಗಾಜು ಬೇಕು. ನಡುವೆ ಉಬ್ಬಿದ, ಹಾಕಿಕೊಂಡವರ ಕಣ್ಣನ್ನು ಎದುರಿನವರಿಗೆ ದೊಡ್ಡದಾಗಿ ತೋರಿಸುವ ಈ ‘ಸೋಡಾ ಬಾಟಲಿ’ ಚಷ್ಮಾ ಒಂದು ತಲೆಮಾರಿನ ಅಜ್ಜ ಅಜ್ಜಿಯರ ಗುರುತೇ ಆಗಿತ್ತು. ಅದು ನೋಟವನ್ನು ಕಾಲು ಭಾಗಕ್ಕೂ ಮಿಕ್ಕಿ ಹಿಗ್ಗಿಸುತ್ತದೆ. ಮೆಟ್ಟಿಲು ಇದ್ದದ್ದಕ್ಕಿಂತ ಹತ್ತಿರ ಕಾಣುತ್ತದೆ, ಲೋಟಕ್ಕೆ ಚಾಚಿದ ಕೈ ಗುರಿ ತಪ್ಪುತ್ತದೆ. ಗಾಜಿನ ಅಂಚಿನ ಸುತ್ತ ಉಂಗುರದಂತೆ ಏನೂ ಕಾಣದ ಪಟ್ಟಿಯಿದ್ದು, ಪಕ್ಕದಿಂದ ಬಂದ ಎಮ್ಮೆಯೋ ಸೈಕಲ್ಲೋ ಥಟ್ಟನೆ ಎದುರಿಗೆ ಹಾರಿಬಂದಂತೆ ತೋರುತ್ತದೆ. ಒಂದೇ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಇನ್ನೊಂದರಲ್ಲಿ ಸಾಕಷ್ಟು ದೃಷ್ಟಿ ಉಳಿದಿದ್ದರೆ ಎರಡು ಬಿಂಬಗಳು ಅಳತೆಯಲ್ಲಿ ಹೊಂದುವುದೇ ಇಲ್ಲ. ಎರಡೂ ಕಣ್ಣು ಮುಚ್ಚಿದವರನ್ನೇ ಶಿಬಿರಗಳು ಮುಂದೆ ಕರೆದುದಕ್ಕೆ ಕರುಣೆಯಷ್ಟೇ ಈ ದೃಗ್ವಿಜ್ಞಾನವೂ ಕಾರಣ.

ಕನ್ನಡ ನಾಡಿನಲ್ಲಿ ಕನ್ನಡಕ ಧರಿಸಿದವರ ಅತ್ಯಂತ ಹಳೆಯ ಉಲ್ಲೇಖಗಳಲ್ಲಿ ಒಂದು ವಿಜಯನಗರದ ರಾಜಗುರು ವ್ಯಾಸರಾಯರದ್ದು. ಸೋಮನಾಥನ ‘ವ್ಯಾಸಯೋಗಿಚರಿತ’ದಲ್ಲಿ ಅವರು ಕನ್ನಡಕದ ನೆರವಿನಿಂದ ಓದಿದ ಪ್ರಸಂಗವಿದೆಯೆಂದು ಸಂಶೋಧಕ ಪಿ.ಕೆ. ಗೋಡೆ ಗುರುತಿಸಿದರು. ಹದಿನಾರನೆಯ ಶತಮಾನದಲ್ಲಿ ರಾಜಸಭೆಯ ಗಣ್ಯರೊಬ್ಬರ ಬಳಿಯಿದ್ದ ಅಪರೂಪದ ವಸ್ತು ಇಪ್ಪತ್ತನೆಯ ಶತಮಾನದ ಶಿಬಿರದಲ್ಲಿ ಸಾಲಾಗಿ ಕೂತ ಹಳ್ಳಿಗರಿಗೆ ಹಂಚುವ ಸರಕಾಯಿತು. ಆದರೆ ಹಂಚುವುದು ಬೇರೆ, ಅದು ಮುರಿದಾಗ ಮತ್ತೊಂದು ಸಿಗುವುದು ಬೇರೆ.

ಆಕ್ಷೇಪಗಳು

ಸಾಮೂಹಿಕ ಶಿಬಿರದ ಮೇಲಿನ ಅತಿ ಗಟ್ಟಿಯಾದ ಆಕ್ಷೇಪ ಕನ್ನಡಕದ ಈ ಅವಲಂಬನೆಯಿಂದಲೇ ಹುಟ್ಟುತ್ತದೆ. ಶಿಬಿರ ಎಣಿಸುವುದು ಶಸ್ತ್ರಚಿಕಿತ್ಸೆಗಳನ್ನು, ದೃಷ್ಟಿ ಮರಳಿದವರನ್ನಲ್ಲ. 1986–89ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ಅಂಧತ್ವದ ನೂರಕ್ಕೆ ಸುಮಾರು 80 ಭಾಗಕ್ಕೆ ಪೊರೆ ಕಾರಣವಾಗಿದ್ದರೆ, 4.7 ಭಾಗಕ್ಕೆ ಪೊರೆ ತೆಗೆಸಿಕೊಂಡೂ ತಕ್ಕ ಕನ್ನಡಕವಿಲ್ಲದಿರುವುದು ಕಾರಣವಾಗಿತ್ತು. ಶಸ್ತ್ರಚಿಕಿತ್ಸೆ ಗೆದ್ದು ಮನುಷ್ಯ ಕುರುಡನಾಗಿಯೇ ಉಳಿದ ಪ್ರಕರಣಗಳಿವು. ತಂಡ ಊರು ಬಿಟ್ಟ ಮೇಲೆ ಗಾಜು ಒಡೆದರೆ +10ರ ಗಾಜು ನಿಡಗುಂದಿಯಂಥ ಊರಿನ ಸಂತೆಯಲ್ಲಿ ಸಿಗುವ ವಸ್ತುವಲ್ಲ. ಈ ಆಕ್ಷೇಪಕ್ಕೆ ಪೂರ್ತಿ ಉತ್ತರವಿಲ್ಲ. ಸಂಚಾರಿ ಪದ್ಧತಿಯ ಬಲವೇ ಅದರ ದೌರ್ಬಲ್ಯ, ಬಂದದ್ದು ಹೋಗಲೇಬೇಕು. ಆದರೆ ಅದೇ ಅಂಕಿಗಳ ಇನ್ನೊಂದು ಬದಿಯನ್ನೂ ನೋಡಬೇಕು. ಕನ್ನಡಕವಿಲ್ಲದೆ ಕುರುಡಾದ ಒಬ್ಬರಿಗೆ ಪೊರೆಯಿಂದಲೇ ಕುರುಡಾಗಿ ಉಳಿದವರು ಹದಿನೇಳು ಮಂದಿ. ಚಿಕಿತ್ಸೆಯೇ ಮುಟ್ಟದಿರುವುದು ಅರ್ಧ ಮುಟ್ಟಿದ ಚಿಕಿತ್ಸೆಗಿಂತ ಬಹಳ ದೊಡ್ಡ ಸಮಸ್ಯೆಯಾಗಿತ್ತು.

ಎರಡನೆಯ ಆಕ್ಷೇಪ ಸುರಕ್ಷತೆಯದು. 1986ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಖುರ್ಜಾದಲ್ಲಿ ಬೇರೆಯವರು ನಡೆಸಿದ ಶಿಬಿರವೊಂದರಲ್ಲಿ ಪೊರೆ ಶಸ್ತ್ರಚಿಕಿತ್ಸೆಯಾದ 88 ಜನರಲ್ಲಿ 84 ಮಂದಿ ಆ ಕಣ್ಣಿನ ದೃಷ್ಟಿಯನ್ನು ಶಾಶ್ವತವಾಗಿ ಕಳೆದುಕೊಂಡರು. ಎ.ಎಸ್. ಮಿತ್ತಲ್ ಪ್ರಕರಣವೆಂದು ಹೆಸರಾದ ಇದರ ತೀರ್ಪನ್ನು ಸುಪ್ರೀಂ ಕೋರ್ಟ್ 1989ರಲ್ಲಿ ನೀಡಿ, ಬಾಧಿತರಿಗೆ ಪರಿಹಾರ ಕೊಡಿಸಿತು. ಇದನ್ನು ಮುಂದಿಟ್ಟು ವೇಗವೇ ಅಪಾಯವೆನ್ನುವುದು ಪೂರ್ಣ ಸತ್ಯವಲ್ಲ. 88 ದೊಡ್ಡ ಸಂಖ್ಯೆಯೇನಲ್ಲ. ಸೋಂಕು ಕಣ್ಣಿನೊಳಗೆ ಹೋಗುವುದು ಶುಚಿತ್ವ ತಪ್ಪಿದ ದ್ರಾವಣ, ಉಪಕರಣಗಳ ಮೂಲಕ. ಆದರೆ ಒಂದೇ ಬಾಟಲಿಯ ದ್ರಾವಣ ನೂರು ಕಣ್ಣಿಗೆ ಹೋಗುವಲ್ಲಿ ಒಂದು ತಪ್ಪು ನೂರಾಗುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಕೆಲಸ ಹಂಚಿದಷ್ಟೂ ಯಾವ ಹಂತದ ಹೊಣೆ ಯಾರದೆಂಬುದು ಸ್ಪಷ್ಟವಾಗಿರಬೇಕು. ಶಾಲೆಯ ಕೊಠಡಿಯಲ್ಲಿ ಅದು ಕಷ್ಟ.

ಶಿಬಿರಗಳು ನಡೆದೂ ಅಂಧತ್ವ ಇಳಿಯಲಿಲ್ಲ ಎಂಬುದು ಮೂರನೆಯದು. 1970ರ ದಶಕದ ಮೊದಲರ್ಧದ ಸಮೀಕ್ಷೆಯಲ್ಲಿ ನೂರಕ್ಕೆ 1.38 ಇದ್ದ ಅಂಧತ್ವ 1986–89ರಲ್ಲಿ 1.49 ಆಗಿತ್ತು. ಪೊರೆ ಒಮ್ಮೆ ತೆಗೆದು ಮುಗಿಸುವ ಬಾಕಿಯಲ್ಲ, ಜನರ ಆಯಸ್ಸು ಹೆಚ್ಚಿದಂತೆ ವರ್ಷ ವರ್ಷವೂ ಹೊಸಬರು ಸಾಲಿಗೆ ಸೇರುತ್ತಾರೆ. ದಿನಕ್ಕೆ 33ರಂತೆ ಒಬ್ಬ ವೈದ್ಯ ಐವತ್ತು ವರ್ಷ ದುಡಿದರೂ ಅದು ದೇಶದ ಸಾಲನ್ನು ಕರಗಿಸದು. ಒಬ್ಬರ ಸಾಧನೆಯನ್ನು ದೇಶದ ಅಂಕಿಯಿಂದ ಅಳೆಯುವುದಕ್ಕಿಂತ, ಅವರ ಪದ್ಧತಿಯನ್ನು ಇತರರು ಹಿಡಿದರೇ ಎಂದು ಕೇಳುವುದು ಸರಿಯಾದ ಪರೀಕ್ಷೆ.

ಇಂದಿನ ಸ್ಥಿತಿ

ಮೋದಿಯವರ ಪದ್ಧತಿಯನ್ನು ಇತರರು ಹಿಡಿದರು, ಆದರೆ ಅರ್ಧವನ್ನು ಮಾತ್ರ. 1976ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಅದೇ ವರ್ಷ ಡಾ. ಜಿ. ವೆಂಕಟಸ್ವಾಮಿ ಮಧುರೆಯಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆ ತೆರೆದರು. ಪಳಗಿದ ಸಹಾಯಕಿಯರು ಕಣ್ಣನ್ನು ಸಿದ್ಧಪಡಿಸುವುದು, ಶಸ್ತ್ರವೈದ್ಯ ಎರಡು ಮೇಜುಗಳ ನಡುವೆ ತಿರುಗುವುದು ಅಲ್ಲಿ ಆಸ್ಪತ್ರೆಯ ನಿತ್ಯದ ಕ್ರಮವಾಯಿತು. ಕೃತಕ ಮಸೂರ ಅಗ್ಗವಾದ ಮೇಲೆ, 1994ರಿಂದ ವಿಶ್ವಬ್ಯಾಂಕ್ ನೆರವಿನ ಪೊರೆ ಯೋಜನೆಯೂ ಸೇರಿ, ಶಸ್ತ್ರಚಿಕಿತ್ಸೆ ತಾತ್ಕಾಲಿಕ ಶಿಬಿರದಿಂದ ಶಾಶ್ವತ ಆಪರೇಷನ್ ಥಿಯೇಟರಿಗೆ ಸರಿಯಿತು. ಹಳ್ಳಿಯಲ್ಲಿ ಉಳಿದದ್ದು ತಪಾಸಣೆ. ಈಗ ‘ನೇತ್ರ ಶಿಬಿರ’ ಎಂಬ ಬ್ಯಾನರಿನ ಕೆಳಗೆ ನಡೆಯುವುದು ಬಹುತೇಕ ಇಷ್ಟೇ. ಕಣ್ಣು ನೋಡುತ್ತಾರೆ, ಪೊರೆ ಇದ್ದವರನ್ನು ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಮಸೂರ ಹಾಕಿಸಿ ಮರಳಿ ಬಿಡುತ್ತಾರೆ. ಮೋದಿಯವರ ಅಂಕಿಗಳಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು ಪಾಲಿದ್ದ ಕೆಲಸ ಹೀಗೆ ಮೊದಲಿದ್ದ ಜಾಗದಲ್ಲೇ ಉಳಿದಿದೆ, ಉಳಿದ ಒಂದು ಪಾಲು ಜಾಗ ಬದಲಿಸಿದೆ. 2015–19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಂಧತ್ವ ನೂರಕ್ಕೆ 0.36ಕ್ಕೆ ಇಳಿದಿದೆ. ನಡುವೆ ಅಂಧತ್ವದ ವ್ಯಾಖ್ಯೆಯೂ ಬದಲಾದುದರಿಂದ ಹಳೆಯ ಅಂಕಿಗಳೊಡನೆ ಇದನ್ನು ನೇರವಾಗಿ ತೂಗಲಾಗದು.

ನಿಡಗುಂದಿಯ ರೋಗಿಗೆ ಈಗ ಮಿರಜಿನ ದಾರಿ ಅನಿವಾರ್ಯವಲ್ಲ. ರಾಷ್ಟ್ರೀಯ ಹೆದ್ದಾರಿ 50 ಹಿಡಿದರೆ ವಿಜಯಪುರದಲ್ಲಿ ಜಿಲ್ಲಾಸ್ಪತ್ರೆಯೂ ಬಿಎಲ್‌ಡಿಇ, ಅಲ್ ಅಮೀನ್ ವೈದ್ಯಕೀಯ ಕಾಲೇಜುಗಳೂ ಇವೆ. ಕೃಷ್ಣೆ ದಾಟಿದರೆ ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಇದೆ. ಕಣ್ಣೊಳಗೇ ಮಸೂರ ಇಡುವುದರಿಂದ ಸೋಡಾ ಬಾಟಲಿ ಚಷ್ಮಾ ಬಹುಮಟ್ಟಿಗೆ ಮಾಯವಾಗಿದ್ದು, ಹೆಚ್ಚಿನವರಿಗೆ ಬೇಕಾಗುವುದು ಓದುವ ಸಣ್ಣ ನಂಬರಿನ ಕನ್ನಡಕ ಮಾತ್ರ. ಜೊತೆಗೆ ಬರುವ ಆಳು, ತಪ್ಪುವ ಕೂಲಿ, ಮುದುಕರ ಕಣ್ಣಿನ ಬಗ್ಗೆ ಮನೆಯವರ ಉದಾಸೀನ ಇವುಗಳ ಲೆಕ್ಕ ಕಡಿಮೆಯಾಗಿದೆಯೇ ಹೊರತು ತೀರಿಲ್ಲ. ಕರ್ನಾಟಕ ಸರ್ಕಾರ ಆರಂಭಿಸಿದ ಆಶಾಕಿರಣ ಯೋಜನೆ ತಪಾಸಣೆಯನ್ನು ಊರಿನ ಶಾಲೆಯಿಂದಲೂ ಮುಂದಕ್ಕೆ, ಮನೆಬಾಗಿಲಿಗೆ ಒಯ್ದಿದೆ. ಕಲಬುರಗಿ ಸೇರಿದಂತೆ ಕೆಲವು ಜಿಲ್ಲೆಗಳಲ್ಲಿ ಮೊದಲು ಜಾರಿಗೆ ಬಂದ ಈ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ದೃಷ್ಟಿದೋಷ ಇರುವವರನ್ನು ಗುರುತಿಸುತ್ತಾರೆ, ಎರಡನೆಯ ಹಂತದಲ್ಲಿ ಅವರ ಕಣ್ಣನ್ನು ತಜ್ಞರು ಪರೀಕ್ಷಿಸುತ್ತಾರೆ, ಬೇಕಾದವರಿಗೆ ಉಚಿತ ಕನ್ನಡಕವನ್ನೂ ಶಸ್ತ್ರಚಿಕಿತ್ಸೆಯನ್ನೂ ಒದಗಿಸಲಾಗುತ್ತದೆ.